ಮನೆಯಲ್ಲೇ ಕುಟುಂಬದ ಫೋಟೊ: ಜಾಗ, ಹೊತ್ತು, ಬೆಳಕು, ಲೆನ್ಸ್ ಆರಿಸುವ ಬಗೆ

ಕುಟುಂಬಗಳ ಫೋಟೊವನ್ನು ಅವರವರ ಮನೆಯಲ್ಲೇ ತೆಗೆಯಬೇಕೆಂದು ಹೊರಟವರು ಮೊದಲು ವಿಚಾರಿಸುವುದು ಲೆನ್ಸಿನ ಬಗ್ಗೆ. 35 ಮಿ.ಮೀ. ಒಳ್ಳೆಯದೋ 50 ಒಳ್ಳೆಯದೋ (ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ನೋಟ ಅಗಲ), ಫ್ಲ್ಯಾಷ್ ಬೇಕೋ ಬೇಡವೋ, ಮೊಬೈಲ್ ಸಾಲುತ್ತದೆಯೋ ಇಲ್ಲವೋ. ಇವೆಲ್ಲಕ್ಕೂ ಉತ್ತರವಿದೆ, ಮುಂದೆ ಹೇಳುತ್ತೇನೆ. ಆದರೆ ಹೊಸ್ತಿಲು ದಾಟಿ ಒಳಗೆ ಹೋದ ಕೂಡಲೇ ಎದುರಾಗುವ ಪ್ರಶ್ನೆ ಬೇರೆ: ಮನೆಯವರನ್ನು ಬೆಳಕಿದ್ದಲ್ಲಿಗೆ ಕರೆಯಬೇಕೋ, ಅವರಿದ್ದಲ್ಲಿಗೆ ಬೆಳಕನ್ನು ಒಯ್ಯಬೇಕೋ? ಉಳಿದ ಆಯ್ಕೆಗಳೆಲ್ಲ ಇದರ ಹಿಂದೆಯೇ ಬರುತ್ತವೆ.

ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಹೆಜ್ಜೆಯೊಳಗೆ ಒಳ್ಳೆಯ ಬೆಳಕಿದ್ದರೆ ಜನರನ್ನು ಅಲ್ಲಿಗೆ ಕರೆಯಿರಿ. ಅದಕ್ಕಿಂತ ದೂರವಾದರೆ ಬೆಳಕನ್ನೇ ಅವರ ಬಳಿಗೆ ಒಯ್ಯಿರಿ. ಅಜ್ಜಿ ದಿನವೂ ಕೂತು ಹೂ ಕಟ್ಟುವ ಮೂಲೆಯಿಂದ ಅವರನ್ನು ಎಬ್ಬಿಸಿ, ಮನೆಯಲ್ಲಿ ಯಾರೂ ಕೂರದ ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದರೆ ಮುಖದ ಮೇಲಿನ ಬೆಳಕು ಸುಧಾರಿಸುತ್ತದೆ. ಮುಖ ಮಾತ್ರ ಬೇರೆಯವರ ಮನೆಗೆ ಹೋದಾಗಿನ ಮುಖವಾಗುತ್ತದೆ. ಮನೆಯವರೆಗೆ ಕ್ಯಾಮೆರಾ ಹೊತ್ತು ಹೋದದ್ದು ಆ ಮುಖಕ್ಕಾಗಿ ಅಲ್ಲ.

ಹಾಗೆಂದು ಸ್ಟುಡಿಯೊವನ್ನು ತೆಗೆದುಹಾಕುವಂತಿಲ್ಲ. ಅಲ್ಲಿ ಬೆಳಕು ಒಂದೇ ಸಮ ಇರುತ್ತದೆ, ಹಿನ್ನೆಲೆ ಸರಳವಾಗಿರುತ್ತದೆ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ದಂಪತಿಗೆ ಒಂದೇ ಒಂದು ಅಚ್ಚುಕಟ್ಟಾದ ಫೋಟೊ ಬೇಕಿದ್ದರೆ ಸ್ಟುಡಿಯೊವೇ ಸರಿ. ಇಪ್ಪತ್ತು ಮಂದಿಯ ಕೂಡು ಕುಟುಂಬಕ್ಕೆ ಸ್ಟುಡಿಯೊವೂ ಬೇಡ, ಹಜಾರವೂ ಬೇಡ; ಮನೆಯ ಮುಂದಿನ ನೆರಳು ಬೇಕು. ಐದು ವರ್ಷದೊಳಗಿನ ಮಕ್ಕಳು, ಮೆಟ್ಟಿಲು ಹತ್ತಲಾಗದ ಹಿರಿಯರು ಇದ್ದರೆ ಮನೆಗೇ ಹೋಗಬೇಕು. ಎಲ್ಲಕ್ಕಿಂತ ಬಲವಾದ ಕಾರಣ ಇನ್ನೊಂದಿದೆ: ಮನೆ ಮಾರುವುದು, ಕೆಡವುವುದು, ಪಾಲಾಗುವುದು ನಿಶ್ಚಯವಾಗಿದ್ದರೆ ಒಂದು ವಾರವನ್ನೂ ಕಳೆಯದೆ ಹೋಗಿ ಫೋಟೊ ತೆಗೆಯಿರಿ. ಆ ಫೋಟೊಗಳಲ್ಲಿ ಜನರಷ್ಟೇ ಗೋಡೆಯೂ ಬಾಗಿಲೂ ಮುಖ್ಯ.

ಮನೆಯ ಯಾವ ಭಾಗ?

ಇದಕ್ಕೆ ಎಲ್ಲ ಮನೆಗೂ ಒಂದೇ ಉತ್ತರವಿಲ್ಲ, ಏಕೆಂದರೆ ನಮ್ಮ ಮನೆಗಳು ಬೆಳಕನ್ನು ಒಂದೇ ರೀತಿ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಕರಾವಳಿ ಮತ್ತು ಮಲೆನಾಡಿನ ಹಂಚಿನ ಮನೆಯಲ್ಲಿ ಜಗಲಿಯನ್ನು ಮೀರಿಸುವ ಜಾಗವಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಆ ಇಳಿಜಾರು ಮಾಡು, ಮಳೆಯನ್ನು ತಡೆಯಲೆಂದು ಜಗಲಿಯ ಮೇಲೆ ಕೆಳಗಿನವರೆಗೂ ಇಳಿದಿರುತ್ತದೆ. ಫೋಟೊ ತೆಗೆಯುವವರಿಗೆ ಇದರಿಂದ ದೊಡ್ಡ ಉಪಕಾರ. ನೆತ್ತಿಯ ಮೇಲಿನ ಬೆಳಕು ಅಲ್ಲಿಗೆ ಬೀಳುವುದೇ ಇಲ್ಲ, ಅಂಗಳದ ಬೆಳಕು ಮಾತ್ರ ಎದುರಿನಿಂದ ಮುಖಕ್ಕೆ ಬರುತ್ತದೆ, ಕಣ್ಣಿನಲ್ಲಿ ಹೊಳಪು ಮೂಡುತ್ತದೆ. ಬೇಸಿಗೆಯಲ್ಲಿ ಅಂಗಳಕ್ಕೆ ಸೋಗೆ ಚಪ್ಪರ ಹಾಕಿದ್ದರೆ ಎಚ್ಚರಿಕೆ ಬೇಕು. ಸೋಗೆಯ ಸಂದಿಯಿಂದ ಇಳಿಯುವ ಬಿಸಿಲಿನ ಚುಕ್ಕೆಗಳು ಕಣ್ಣಿಗೆ ಚೆಂದ, ಫೋಟೊದಲ್ಲಿ ಮುಖದ ಮೇಲೆ ಕಲೆಗಳಂತೆ ಕಾಣುತ್ತವೆ. ಆಗ ಜಗಲಿಯ ಒಳಗೋಡೆಗೆ ಒರಗಿ ಕೂರಿಸಿ. ಇದೇ ಮನೆಯ ಒಳಕೋಣೆಗಳು ಮಾತ್ರ ಕತ್ತಲು. ಒಂದೆರಡು ಗಾಜಿನ ಹಂಚಿನಿಂದ ಬೆಳಕಿನ ಕೋಲು ಇಳಿಯುತ್ತದೆ. ಅದರ ಕೆಳಗೆ ನೇರವಾಗಿ ನಿಂತವರ ಹಣೆ ಬೆಳ್ಳಗೆ, ಕಣ್ಣು ಕಪ್ಪು. ಕೋಲಿನಿಂದ ಎರಡಡಿ ಈಚೆಗೆ ನಿಲ್ಲಿಸಿದರೆ ನೆಲದಿಂದ ಚಿಮ್ಮಿದ ಬೆಳಕಷ್ಟೇ ಮುಖಕ್ಕೆ ತಾಗುತ್ತದೆ. ಅದು ಸಾಕಷ್ಟಿರುತ್ತದೆ.

ಉತ್ತರ ಕರ್ನಾಟಕದ ದಪ್ಪಗೋಡೆಯ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿಯದೂ ಇದೇ ಕಥೆ. ಪಡಸಾಲೆ ತಂಪಾಗಿರುತ್ತದೆ, ಹಾಗೆಯೇ ಮಬ್ಬಾಗಿರುತ್ತದೆ. ಬೆಳಕಿಂಡಿಯ ಕೆಳಗಿನ ನೆಲಕ್ಕೆ ಒಂದು ಬಿಳಿ ಧೋತರವನ್ನೋ ಹಾಸಿಗೆಯ ಹೊದಿಕೆಯನ್ನೋ ಹಾಸಿ, ಜನರನ್ನು ಅದರ ಅಂಚಿಗೆ ಕೂರಿಸಿ ನೋಡಿ. ಕೆಳಗಿನಿಂದ ಎದ್ದ ಬೆಳಕು ಕಣ್ಣುಗಳ ಕತ್ತಲನ್ನು ತುಂಬುತ್ತದೆ. ಹಳೆಯ ಮೈಸೂರು ಸೀಮೆಯ ತೊಟ್ಟಿ ಮನೆಯಾದರೆ ತೊಟ್ಟಿಯೊಳಗೆ ಇಳಿಸಬೇಡಿ. ಸುತ್ತಲಿನ ಹಜಾರದ ಅಂಚಿನಲ್ಲಿ, ಕಂಬದ ಪಕ್ಕ, ತೊಟ್ಟಿಯ ಕಡೆ ಮುಖ ಮಾಡಿಸಿ. ಸ್ಟುಡಿಯೊದವರು ಹಣ ಸುರಿದು ಕೊಳ್ಳುವ ದೊಡ್ಡ ಮೃದು ಬೆಳಕು ಅಲ್ಲಿ ಮನೆ ಕಟ್ಟಿದ ದಿನದಿಂದಲೂ ಇದೆ.

ಬೆಂಗಳೂರಿನ 30×40 ನಿವೇಶನದ ಮನೆ ಇವುಗಳಿಗಿಂತ ಕಷ್ಟದ್ದು. ಪಕ್ಕದ ಕಿಟಕಿ ತೆರೆದರೆ ಮೂರಡಿ ಆಚೆ ಇನ್ನೊಬ್ಬರ ಗೋಡೆ. ಆದರೂ ಆ ಗೋಡೆಯನ್ನು ಹಗುರವಾಗಿ ಕಾಣಬೇಡಿ. ದಿನದ ಯಾವುದೋ ಒಂದು ಹೊತ್ತಿನಲ್ಲಿ ಅದರ ಮೇಲೆ ಬಿಸಿಲು ಬೀಳುತ್ತದೆ, ಗೋಡೆ ಬಿಳಿಯಿದ್ದರೆ ಆ ಒಂದು ಗಂಟೆ ನಿಮ್ಮ ಕಿಟಕಿಯಲ್ಲಿ ಅತ್ಯುತ್ತಮ ಬೆಳಕಿರುತ್ತದೆ. ಗೋಡೆ ಕಿತ್ತಳೆಯೋ ಗಿಣಿಹಸಿರೋ ಆಗಿದ್ದರೆ ಅದೇ ಬಣ್ಣ ಮುಖಕ್ಕೆ ಬಳಿಯುತ್ತದೆ. ಅದನ್ನು ಬಿಟ್ಟು ಮೇಲಂತಸ್ತಿಗೋ ಮೆಟ್ಟಿಲ ತಿರುವಿಗೋ ಹೋಗಿ. ಮೆಟ್ಟಿಲ ಮೇಲೆ ಮಕ್ಕಳು ತಾವಾಗಿಯೇ ಒಬ್ಬರ ಮೇಲೊಬ್ಬರು ಕೂರುತ್ತಾರೆ, ಯಾರ ಮುಖವೂ ಮರೆಯಾಗುವುದಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಬಾಲ್ಕನಿಯ ಗಾಜಿನ ಬಾಗಿಲು ಒಂದೇ ದೊಡ್ಡ ಬೆಳಕಿನ ಮೂಲ. ಸೋಫಾ ಟಿವಿಯ ಕಡೆ ಮುಖ ಮಾಡಿರುತ್ತದೆಯೇ ಹೊರತು ಬಾಲ್ಕನಿಯ ಕಡೆಗಲ್ಲ, ಹಾಗಾಗಿ ಬೆಳಕು ಪಕ್ಕದಿಂದ ಬರುತ್ತದೆ. ಸೋಫಾ ತಿರುಗಿಸುವುದಕ್ಕಿಂತ ಜನರು ಅದರ ಮೇಲೆ ಸ್ವಲ್ಪ ಓರೆಯಾಗಿ ಕೂತರೆ ಸಾಕು. ಬೆಳಕಿನ ದೃಷ್ಟಿಯಿಂದ ಮಲಗುವ ಕೋಣೆ ಹಜಾರಕ್ಕಿಂತ ಮೇಲು, ಮಂಚ ಕಿಟಕಿಯ ಪಕ್ಕದಲ್ಲೇ ಇರುತ್ತದೆ. ಆದರೆ ಹೊರಗಿನವರನ್ನು ಅಲ್ಲಿಗೆ ಬಿಟ್ಟುಕೊಳ್ಳಲು ನಮ್ಮಲ್ಲಿ ಅನೇಕರಿಗೆ ಮುಜುಗರ. ಒಮ್ಮೆ ಕೇಳಿ, ಹಿಂಜರಿದರೆ ಮತ್ತೆ ಎತ್ತಬೇಡಿ.

ಅಡುಗೆಮನೆಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ವಾಸ್ತು ನೋಡಿ ಕಟ್ಟಿದ ಮನೆಯಲ್ಲಿ ಅಡುಗೆಮನೆ ಆಗ್ನೇಯ ಮೂಲೆಯಲ್ಲಿರುತ್ತದೆ, ಒಲೆ ಹಚ್ಚುವವರು ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಪೂರ್ವದ ಗೋಡೆಗೆ ಕಿಟಕಿಯಿದ್ದರೆ ಬೆಳಗಿನ ಬೆಳಕು ನೇರವಾಗಿ ಅವರ ಮುಖಕ್ಕೇ ಬೀಳುತ್ತದೆ, ನೀವು ಯಾರನ್ನೂ ಎಲ್ಲಿಗೂ ಕರೆಯಬೇಕಿಲ್ಲ. ಒಗ್ಗರಣೆಯ ಹೊಗೆಗೆ ಆ ಬೆಳಕು ತಾಗಿದಾಗ ಅಡುಗೆಮನೆಯಷ್ಟು ಜೀವವಿರುವ ಜಾಗ ಮನೆಯಲ್ಲಿ ಇನ್ನೊಂದಿಲ್ಲ ಎನ್ನಿಸುತ್ತದೆ. ಮಡಿ ಪಾಲಿಸುವ ಮನೆಗಳಲ್ಲಿ ಅಡುಗೆಮನೆಗೂ ದೇವರಮನೆಗೂ ಹೊರಗಿನವರು ಕಾಲಿಡುವಂತಿಲ್ಲ. ಹೊಸ್ತಿಲಾಚೆ ನಿಂತೇ ತೆಗೆಯಿರಿ. ಬಾಗಿಲ ಚೌಕಟ್ಟು ಚಿತ್ರದೊಳಗೆ ಬಂದರೆ ಅದರಿಂದ ಕಳೆಯುವುದೇನೂ ಇಲ್ಲ. ಚರ್ಮದ ಪಟ್ಟಿಯ ಕ್ಯಾಮೆರಾ, ಚರ್ಮದ ಚೀಲ ದೇವರಮನೆಯ ಹತ್ತಿರಕ್ಕೆ ಬೇಡ. ಬಟ್ಟೆಯ ಪಟ್ಟಿ ಕಟ್ಟಿಕೊಂಡು ಹೋಗಿ.

ಬೆಳಿಗ್ಗೆಯೋ ಸಂಜೆಯೋ, ಡಿಸೆಂಬರೋ ಜೂನೋ

ಮನೆಯೊಳಗಿನ ಫೋಟೊಗೆ ಉತ್ತರದ ಕಿಟಕಿಯೇ ಶ್ರೇಷ್ಠ, ಅಲ್ಲಿ ಬಿಸಿಲು ಬರುವುದೇ ಇಲ್ಲ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಯುರೋಪಿನ, ಅಮೆರಿಕದ ಆಕಾಶಕ್ಕೆ ಹೇಳಿದ ಮಾತು. ಲಂಡನ್ನಿನಲ್ಲಿ ಡಿಸೆಂಬರಿನ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಸುಮಾರು 15 ಡಿಗ್ರಿಯಷ್ಟೇ ಮೇಲೇರುತ್ತಾನೆ, ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯ ಆಳದವರೆಗೂ ಬರುತ್ತದೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಇಲ್ಲಿ ಡಿಸೆಂಬರಿನ ಮಧ್ಯಾಹ್ನ ಸೂರ್ಯನ ಎತ್ತರ 53 ಡಿಗ್ರಿಗೂ ಹೆಚ್ಚು. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮೂರನೆಯ ವಾರದಲ್ಲಿ ಇನ್ನೊಮ್ಮೆ ಸೂರ್ಯ ನೆತ್ತಿಯ ಮೇಲೇ ಹಾದುಹೋಗುತ್ತಾನೆ. ಆ ನಡುವಿನ ನಾಲ್ಕು ತಿಂಗಳಲ್ಲಿ ಅವನು ಮಧ್ಯಾಹ್ನ ಇರುವುದು ಉತ್ತರದ ಕಡೆಗೆ. ಜೂನಿನ ಬೆಳಿಗ್ಗೆ ಉತ್ತರದ ಕಿಟಕಿಯಲ್ಲಿ ಬಿಸಿಲಿನ ಪಟ್ಟಿ ಕಂಡರೆ ದಿಕ್ಸೂಚಿಯನ್ನು ಅನುಮಾನಿಸಬೇಕಿಲ್ಲ.

ಇದರಿಂದ ನಮಗೆ ಸಿಗುವ ಲೆಕ್ಕ ಹೀಗಿದೆ. ಮಾರ್ಚಿನಿಂದ ಸೆಪ್ಟೆಂಬರ್‌ವರೆಗೆ ಹನ್ನೊಂದರಿಂದ ಎರಡರ ತನಕ ಮನೆಯೊಳಗಿನ ಬೆಳಕು ಸಪ್ಪೆ. ಸೂರ್ಯ ಮೇಲಿರುತ್ತಾನೆ, ಕಿಟಕಿಯ ಮೇಲಿನ ಸಜ್ಜೆ ಬೆಳಕನ್ನು ತಡೆಯುತ್ತದೆ, ಒಳಗೆ ಬರುವುದು ಅಂಗಳದಿಂದಲೋ ರಸ್ತೆಯಿಂದಲೋ ಚಿಮ್ಮಿದ್ದಷ್ಟೇ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ, ಸಂಜೆ ನಾಲ್ಕರಿಂದ ಐದೂವರೆ ಒಳ್ಳೆಯ ಹೊತ್ತು. ಇವೆರಡರಲ್ಲಿ ನನ್ನ ಆಯ್ಕೆ ಬೆಳಗಿನದು, ಕಾರಣ ಬೆಳಕಿಗಿಂತ ಜನ. ಮಕ್ಕಳು ನಿದ್ದೆ ತುಂಬಿ ಎದ್ದಿರುತ್ತಾರೆ, ಹಿರಿಯರು ಸ್ನಾನ ಮಾಡಿ ವಿಭೂತಿಯೋ ಕುಂಕುಮವೋ ಇಟ್ಟುಕೊಂಡು ತಮ್ಮ ಜಾಗದಲ್ಲಿ ಕೂತಿರುತ್ತಾರೆ, ಮನೆ ತನ್ನ ಕೆಲಸದಲ್ಲಿರುತ್ತದೆ. ಸಂಜೆಗೆ ಎಲ್ಲರೂ ದಣಿದಿರುತ್ತಾರೆ. ಪಶ್ಚಿಮಕ್ಕೆ ಹಜಾರವಿರುವ ಮನೆಯಾದರೆ ಮಾತ್ರ ಸಂಜೆಯನ್ನು ಆರಿಸುತ್ತೇನೆ.

ಡಿಸೆಂಬರ್, ಜನವರಿಯಲ್ಲಿ ದಕ್ಷಿಣದ ಕಿಟಕಿ ಇಡೀ ಹಗಲು ಕೆಲಸಕ್ಕೆ ಬರುತ್ತದೆ. ನೇರ ಬಿಸಿಲು ಬಿದ್ದರೆ ತೆಳು ಬಿಳಿ ಪರದೆ ಎಳೆಯಿರಿ. ಮನೆಯಲ್ಲಿ ಇಲ್ಲದಿದ್ದರೆ ಬಿಳಿ ಪಂಚೆ ಸಾಕು. ಮಲೆನಾಡಿನ ಮಳೆಗಾಲ ಬೇರೆಯೇ ಲೋಕ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಜಗಲಿಯಲ್ಲಿ ಇಡೀ ದಿನ ಒಂದೇ ಬಗೆಯ ಬೂದು ಬೆಳಕು, ಹೊತ್ತಿನ ಗೊಡವೆಯಿಲ್ಲ, ಒಳಗೆ ಮಾತ್ರ ದೀಪ ಬೇಕೇ ಬೇಕು. ಹೊರದೇಶದಲ್ಲಿರುವ ಕನ್ನಡ ಕುಟುಂಬಗಳಿಗೆ ಒಂದು ಮಾತು: ಲಂಡನ್ನಿನಲ್ಲಿ ಡಿಸೆಂಬರ್ ಕೊನೆಯ ಹಗಲು ಎಂಟು ಗಂಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿ ಮಧ್ಯಾಹ್ನ ಹನ್ನೊಂದರಿಂದ ಎರಡರ ತನಕವೇ ಒಳ್ಳೆಯ ಹೊತ್ತು, ಇಲ್ಲಿನದಕ್ಕೆ ಪೂರ್ತಿ ತಿರುವುಮುರುವು.

ಕಿಟಕಿಯ ಬೆಳಕು, ಟ್ಯೂಬ್‌ಲೈಟ್, ಫ್ಲ್ಯಾಷ್

ಕಿಟಕಿಯ ಬೆಳಕನ್ನು ಆಯ್ದುಕೊಂಡರೆ ಮೊದಲು ಸೊಳ್ಳೆಜಾಲರಿ ಸರಿಸಿ. ಜಾಲರಿ ಗಣನೀಯವಾಗಿ ಬೆಳಕು ನುಂಗುತ್ತದೆ, ಧೂಳು ಹಿಡಿದಿದ್ದರೆ ಇನ್ನೂ ಹೆಚ್ಚು. ನಂತರ ಕೋಣೆಯ ದೀಪಗಳನ್ನು ನಂದಿಸಿ. ಮನೆಯವರು ಪ್ರೀತಿಯಿಂದ ಇರುವ ಎಲ್ಲ ದೀಪಗಳನ್ನೂ ಹಾಕಿಟ್ಟಿರುತ್ತಾರೆ, ವಿನಯದಿಂದಲೇ ಆರಿಸಬೇಕು. ಹಗಲಿನ ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಸಂಖ್ಯೆ ಕಡಿಮೆಯಾದಷ್ಟೂ ಹಳದಿ, ಹೆಚ್ಚಾದಷ್ಟೂ ನೀಲಿ), ನಮ್ಮ ಮನೆಗಳ ಬಿಳಿ ಎಲ್‌ಇಡಿ ಟ್ಯೂಬ್ ಸಾಮಾನ್ಯವಾಗಿ 6500, ಹಳದಿ ಬಲ್ಬ್ 2700ರಿಂದ 3000. ಮೂರೂ ಒಂದೇ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ಸರಿಪಡಿಸಿದರೂ ಒಂದನ್ನು ತಿದ್ದಲು ಹೋಗಿ ಇನ್ನೊಂದು ಕೆಡುತ್ತದೆ.

ನೆಲವನ್ನೂ ನೋಡಿಕೊಳ್ಳಿ. ರೆಡ್ ಆಕ್ಸೈಡ್ ನೆಲದ ಮೇಲೆ ಬಿಸಿಲು ಬಿದ್ದರೆ ಕೆಂಪು ಬೆಳಕು ಗಲ್ಲದ ಕೆಳಗೆ ಏರುತ್ತದೆ. ನಮ್ಮ ಮೈಬಣ್ಣಕ್ಕೆ ಅದು ತುಸು ಇದ್ದರೆ ಚೆನ್ನಾಗಿಯೇ ಒಪ್ಪುತ್ತದೆ, ಹೆಚ್ಚಾದರೆ ಒಂದು ಚಾಪೆ ಹಾಸಿ.

ಟ್ಯೂಬ್‌ಲೈಟಿನಲ್ಲೇ ತೆಗೆಯಬೇಕಾದ ಸಂದರ್ಭ ಬರುತ್ತದೆ, ರಾತ್ರಿಯೂಟದ ಹೊತ್ತಿನಲ್ಲಿ ಉದಾಹರಣೆಗೆ. ಆಗ ಕಿಟಕಿಯ ಪರದೆ ಮುಚ್ಚಿ, ಒಂದೇ ಬಗೆಯ ದೀಪಗಳನ್ನಷ್ಟೇ ಉಳಿಸಿ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಹಾಗಾಗಿ ಟ್ಯೂಬ್‌ಗಳೂ ಅಗ್ಗದ ಎಲ್‌ಇಡಿಗಳೂ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು ಫೋಟೊದಲ್ಲಿ ಅಡ್ಡಪಟ್ಟಿಗಳಾಗಿ ಬರುತ್ತದೆ. ಶಟರ್ ವೇಗವನ್ನು, ಅಂದರೆ ಕ್ಯಾಮೆರಾದೊಳಗೆ ಬೆಳಕು ಬರುವ ಅವಧಿಯನ್ನು, 1/100 ಅಥವಾ 1/50 ಸೆಕೆಂಡಿಗೆ ಇಟ್ಟರೆ ಪಟ್ಟಿ ಹೋಗುತ್ತದೆ. ಓಡಾಡುವ ಮಗುವಿಗೆ 1/100 ಸಾಲದು, 1/250 ಬೇಕು. ಆದ್ದರಿಂದ ರಾತ್ರಿಯ ಫೋಟೊಗಳಲ್ಲಿ ಮಕ್ಕಳು ಊಟಕ್ಕೆ ಕೂತಾಗಲೇ ತೆಗೆದುಬಿಡುವುದು ಲೇಸು.

ಫ್ಲ್ಯಾಷನ್ನು ನೇರವಾಗಿ ಮುಖಕ್ಕೆ ಹೊಡೆಯುವುದನ್ನು ನಾನು ಯಾವ ಮನೆಗೂ ಸಲಹೆ ಮಾಡುವುದಿಲ್ಲ. ರೇಷ್ಮೆ ಸೀರೆಯ ಜರಿ ಉರಿದುಹೋಗುತ್ತದೆ, ಗೋಡೆಯ ಮೇಲೆ ಹಾರ ಹಾಕಿದ ಹಿರಿಯರ ಫೋಟೊದ ಗಾಜಿನಲ್ಲಿ ಬಿಳಿ ಗುಂಡು ಮೂಡುತ್ತದೆ. ಆ ಫೋಟೊ ಕೂಡ ಕುಟುಂಬದ ಸದಸ್ಯರೇ. ಅವರ ಮುಖ ಅಳಿಸಿಹೋದ ಚಿತ್ರವನ್ನು ಮನೆಯವರು ಮನಸ್ಸಿನಲ್ಲಿ ಒಪ್ಪುವುದಿಲ್ಲ. ಫ್ಲ್ಯಾಷಿನ ತಲೆಯನ್ನು ಮೇಲಕ್ಕೂ ಹಿಂದಕ್ಕೂ ತಿರುಗಿಸಿ ತಾರಸಿಯ ಬಿಳಿ ಒಳಮೈಗೆ ಹೊಡೆದರೆ ಬೆಳಕು ಹರಡಿ ಮೃದುವಾಗಿ ಇಳಿಯುತ್ತದೆ. ಎಫ್/4 (ಲೆನ್ಸಿನ ತೆರವು; ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು), 1/125 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800ರಿಂದ ಶುರುಮಾಡಿ, ಹೆಚ್ಚುಕಡಿಮೆ ಮಾಡಿಕೊಳ್ಳಿ. ಹಂಚಿನ ಮಾಡಿನ ಕೆಳಗೆ ಈ ಉಪಾಯ ನಡೆಯದು. ಅಲ್ಲಿ ಬಿಳಿ ತಾರಸಿಯಿಲ್ಲ, ಕಪ್ಪು ಜಂತಿಗಳು ಬೆಳಕನ್ನೆಲ್ಲ ಹೀರುತ್ತವೆ. ಪಕ್ಕದ ಸುಣ್ಣದ ಗೋಡೆಗೆ ಹೊಡೆಯಿರಿ, ಇಲ್ಲವೇ ಒಂದು ಬಿಳಿ ಛತ್ರಿ ಒಯ್ಯಿರಿ.

ಎಲ್‌ಇಡಿ ಪ್ಯಾನೆಲ್ ಮತ್ತು ಫ್ಲ್ಯಾಷ್ ನಡುವೆ ಯಾವುದು? ಕಲಿಯುವವರಿಗೆ ಎಲ್‌ಇಡಿ ಸುಲಭ, ಬೆಳಕು ಎಲ್ಲಿ ಬೀಳುತ್ತಿದೆ ಎಂದು ಕಣ್ಣೆದುರೇ ಕಾಣುತ್ತದೆ, ಕೂಸುಗಳು ಬೆಚ್ಚುವುದಿಲ್ಲ. ಆದರೆ ಚಿಕ್ಕ ಪ್ಯಾನೆಲ್ ಹಗಲಿನ ಕಿಟಕಿಯ ಎದುರು ಸೋಲುತ್ತದೆ. ಕಣ್ಣಿನ ಶಸ್ತ್ರಚಿಕಿತ್ಸೆಯಾದ ಹಿರಿಯರಿಗೆ ಅದನ್ನು ದಿಟ್ಟಿಸಿ ಕೂರುವುದು ಹಿಂಸೆ. ಒಬ್ಬಿಬ್ಬರ ಮೂಲೆ ಬೆಳಗಲು ಎಲ್‌ಇಡಿ, ಆರೇಳು ಮಂದಿಗೆ ತಾರಸಿಗೆ ಹೊಡೆದ ಫ್ಲ್ಯಾಷ್. ಅಜ್ಜಿಯ ಮೂಲೆಗೆ ಬೆಳಕು ಒಯ್ಯುವುದೆಂದರೆ ಇಷ್ಟೇ: ಪ್ಯಾನೆಲನ್ನು ಕಡಿಮೆ ಮಾಡಿ, ಅವರ ಕಡೆಗಲ್ಲದೆ ಪಕ್ಕದ ಗೋಡೆಗೆ ತಿರುಗಿಸಿ, ಗೋಡೆಯಿಂದ ಬಂದದ್ದರಲ್ಲೇ ತೆಗೆಯುವುದು.

ಲೆನ್ಸ್ ಮತ್ತು ಮೊಬೈಲ್

ಈಗ ಲೆನ್ಸಿಗೆ ಬರೋಣ. ಕೋಣೆಯ ಅಳತೆಯೇ ಇಲ್ಲಿ ತೀರ್ಪುಗಾರ. 10×12 ಅಡಿಯ ಕೋಣೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತರೂ ನಿಮಗೂ ಎದುರಿನವರಿಗೂ ನಡುವೆ ಸಿಗುವುದು ಸುಮಾರು ಎರಡೂವರೆ ಮೀಟರ್. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಸಂವೇದಕದ ಅಗಲ 36 ಮಿ.ಮೀ.; ಆ ದೂರದಲ್ಲಿ 24 ಮಿ.ಮೀ. ಲೆನ್ಸ್ ಸುಮಾರು 3.7 ಮೀಟರ್ ಅಗಲವನ್ನು ಹಿಡಿಯುತ್ತದೆ, 35 ಮಿ.ಮೀ. ಎರಡೂವರೆ ಮೀಟರನ್ನು, 50 ಮಿ.ಮೀ. 1.8 ಮೀಟರನ್ನು, 85 ಮಿ.ಮೀ. ಒಂದು ಮೀಟರಿಗೆ ತುಸು ಹೆಚ್ಚನ್ನು. ಮೂರು ಜನ ಕೂರುವ ಸೋಫಾ ಹತ್ತಿರ ಹತ್ತಿರ ಎರಡು ಮೀಟರ್ ಇರುತ್ತದೆ. ಅಂದರೆ 50ರಲ್ಲಿ ಸೋಫಾದ ಕೈಗಳು ತುಂಡಾಗುತ್ತವೆ, 35ರಲ್ಲಿ ಸೋಫಾ, ಪಕ್ಕದ ದಿಂಬು, ಗೋಡೆಯ ಕ್ಯಾಲೆಂಡರ್ ಎಲ್ಲವೂ ಒಳಗೆ ಬರುತ್ತವೆ. ಒಂದೇ ಲೆನ್ಸ್ ಕೊಳ್ಳುವುದಾದರೆ 35 ಕೊಳ್ಳಿ. ಇದನ್ನು ಹಿಂದುಮುಂದು ನೋಡದೆ ಹೇಳುತ್ತೇನೆ.

ಎಪಿಎಸ್-ಸಿ ಎಂಬ ಚಿಕ್ಕ ಸಂವೇದಕದ ಕ್ಯಾಮೆರಾ ನಿಮ್ಮಲ್ಲಿದ್ದರೆ ಈ ಸಂಖ್ಯೆಗಳನ್ನು 1.5ರಿಂದ ಭಾಗಿಸಿಕೊಳ್ಳಬೇಕು, ಕ್ಯಾನನ್ ಆದರೆ 1.6ರಿಂದ. 35ರ ನೋಟ ಬೇಕಾದರೆ ಅದರಲ್ಲಿ 23 ಅಥವಾ 24 ಮಿ.ಮೀ. ಹಾಕಬೇಕು. ಅಗ್ಗವೆಂದು 50 ಮಿ.ಮೀ. ಎಫ್/1.8 ಕೊಂಡು ಎಪಿಎಸ್-ಸಿ ಕ್ಯಾಮೆರಾಕ್ಕೆ ಹಾಕಿದವರಿಗೆ ಚಿಕ್ಕ ಮನೆಗಳಲ್ಲಿ ಹಿಂದೆ ಸರಿಯಲು ಜಾಗವೇ ಉಳಿಯುವುದಿಲ್ಲ. ಅದು ಒಬ್ಬರ ಮುಖಕ್ಕೆ, ಅಜ್ಜನ ಕೈಗಳಿಗೆ, ಮಲಗಿದ ಕೂಸಿಗೆ ಸೊಗಸಾದ ಲೆನ್ಸ್. ಕುಟುಂಬಕ್ಕೆ ಅಲ್ಲ. 24 ಮಿ.ಮೀ. ಕೋಣೆಯನ್ನು ತೋರಿಸಲು ಒಳ್ಳೆಯದು, ಅಂಚಿನಲ್ಲಿ ನಿಂತವರ ಮುಖ ಮಾತ್ರ ಎಳೆದಂತಾಗುತ್ತದೆ. ಅಂಚಿಗೆ ಕುರ್ಚಿ, ಬಾಗಿಲು ಬರಲಿ, ಜನರು ನಡುವೆ ಇರಲಿ.

ಎಫ್/1.8 ಇದೆಯೆಂದು ಯಾವಾಗಲೂ ಅದರಲ್ಲೇ ತೆಗೆಯಬೇಡಿ. ಎರಡು ಮೀಟರ್ ದೂರದಲ್ಲಿ 35 ಮಿ.ಮೀ. ಲೆನ್ಸಿಗೆ ಎಫ್/1.8ರಲ್ಲಿ ಸ್ಪಷ್ಟವಾಗಿ ಬರುವ ಆಳ ಸುಮಾರು 35 ಸೆಂ.ಮೀ. ಮುಂದಿನ ಸಾಲಿನ ಮೊಮ್ಮಗಳು ಸ್ಪಷ್ಟ, ಹಿಂದಿನ ಸಾಲಿನ ಅಜ್ಜಿ ಮಸುಕು. ಎಫ್/4ರಲ್ಲಿ ಅದು ಸುಮಾರು 80 ಸೆಂ.ಮೀ. ಆಗುತ್ತದೆ, ಎರಡು ಸಾಲಿಗೆ ಸಾಕು. ಕಳೆದುಕೊಂಡ ಬೆಳಕನ್ನು ಐಎಸ್‌ಒ 1600 ಅಥವಾ 3200ಕ್ಕೆ ಏರಿಸಿ ತುಂಬಿಕೊಳ್ಳಿ. ಈಗಿನ ಕ್ಯಾಮೆರಾಗಳು ಅದನ್ನು ಸಲೀಸಾಗಿ ತಾಳುತ್ತವೆ, ಮನೆಯವರು ಫೋಟೊದಲ್ಲಿ ಮುಖ ನೋಡುತ್ತಾರೆಯೇ ವಿನಾ ಐಎಸ್‌ಒ ಏರಿದಾಗ ಮೂಡುವ ಕಾಳುಗಳನ್ನು ಎಣಿಸುವುದಿಲ್ಲ.

ಮೊಬೈಲ್ ಕ್ಯಾಮೆರಾದ ಮುಖ್ಯ ಲೆನ್ಸಿನ ನೋಟ ಬಹುತೇಕ 24-26 ಮಿ.ಮೀ.ಗೆ ಸಮ. ಹಾಗಾಗಿ ಹತ್ತಿರದಿಂದ ತೆಗೆದ ಮುಖದಲ್ಲಿ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಕಾಣುತ್ತದೆ. 2ಎಕ್ಸ್ ಇದ್ದರೆ ಅದಕ್ಕೆ ಬದಲಿಸಿ ಎರಡು ಹೆಜ್ಜೆ ಹಿಂದೆ ನಿಲ್ಲಿ. ಕಿಟಕಿಯ ಬೆಳಕಿದ್ದು ಜನ ಕೂತಿದ್ದರೆ ಮೊಬೈಲ್ ಧಾರಾಳವಾಗಿ ಸಾಲುತ್ತದೆ. ಸ್ವಂತ ಮನೆಯ ಫೋಟೊ ತೆಗೆಯುವವರು ಕ್ಯಾಮೆರಾ ಕೊಳ್ಳುವವರೆಗೆ ಕಾಯುವ ಅಗತ್ಯವೇ ಇಲ್ಲ. ಓಡುವ ಮಗು, ಕತ್ತಲ ಕೋಣೆ, ಗೋಡೆಗೆ ಹಾಕುವ ದೊಡ್ಡ ಪ್ರಿಂಟ್ ಈ ಮೂರರಲ್ಲಿ ಕ್ಯಾಮೆರಾ ಮುಂದಿದೆ. ಇನ್ನೊಂದು ವ್ಯತ್ಯಾಸ ಅಳತೆಗೆ ಸಿಗದ್ದು: ಮೊಬೈಲ್ ಎತ್ತಿದರೆ ಮಕ್ಕಳು ಪರದೆ ನೋಡಲು ಓಡಿ ಬರುತ್ತಾರೆ, ಕ್ಯಾಮೆರಾ ಎತ್ತಿದರೆ ಸ್ವಲ್ಪ ಹೊತ್ತಿಗೆ ಮರೆತು ಆಟಕ್ಕೆ ಮರಳುತ್ತಾರೆ.

ಸಾಲಾಗಿ ಕೂರಿಸುವುದೋ, ಅವರ ಪಾಡಿಗೆ ಬಿಡುವುದೋ

ಹೊಸಬರು ಎರಡನೆಯದನ್ನೇ ಮೆಚ್ಚುತ್ತಾರೆ. ಸಾಲಾಗಿ ಕೂರಿಸಿದ ಫೋಟೊ ಹಳೆಯ ಕಾಲದ್ದು ಎಂಬ ಭಾವನೆ. ನಾನು ಅದನ್ನು ಒಪ್ಪುವುದಿಲ್ಲ. ತಾತ ನಡುವಿನ ಕುರ್ಚಿಯಲ್ಲಿ, ಪಕ್ಕದಲ್ಲಿ ಅಜ್ಜಿ, ಹಿಂದೆ ಮಕ್ಕಳು ಸೊಸೆಯಂದಿರು, ಮುಂದೆ ಜಮಖಾನದ ಮೇಲೆ ಮೊಮ್ಮಕ್ಕಳು. ಈ ಸಾಲಿನಲ್ಲಿ ಒಂದು ಮನೆ ತನ್ನನ್ನು ತಾನು ಹೇಗೆ ಕಾಣುತ್ತದೆ ಎಂಬುದು ಇದೆ. ಯಾರು ಎಲ್ಲಿ ಕೂರಬೇಕೆಂದು ನೀವು ಹೇಳದೆ ಅವರಿಗೇ ಬಿಟ್ಟರೆ ಆ ಮನೆಯ ಸಂಬಂಧಗಳೆಲ್ಲ ನಿಮ್ಮ ಕಣ್ಣೆದುರು ಬಿಚ್ಚಿಕೊಳ್ಳುತ್ತವೆ.

ಎರಡನ್ನೂ ಮಾಡಿ, ಸಾಲಿನ ಫೋಟೊವನ್ನು ಮೊದಲು ಮಾಡಿ. ಹಿರಿಯರಿಗೆ ಅದು ಮರ್ಯಾದೆಯ ಪ್ರಶ್ನೆ. ಅದು ಮುಗಿದ ಮೇಲೆ ಅವರು ನಿರಾಳರಾಗುತ್ತಾರೆ, ನೀವು ಅಡುಗೆಮನೆಯ ಬಾಗಿಲಲ್ಲಿ ನಿಂತರೂ ಯಾರೂ ಗಮನಿಸುವುದಿಲ್ಲ. ಮೂವರನ್ನೇ ನಿಲ್ಲಿಸಬಾರದು ಎನ್ನುವ ಮನೆಗಳಿವೆ, ನಾಮಕರಣಕ್ಕೆ ಮೊದಲು ಕೂಸಿನ ಫೋಟೊ ಬೇಡ, ದೃಷ್ಟಿಯಾಗುತ್ತದೆ ಎನ್ನುವವರಿದ್ದಾರೆ. ವಾದಕ್ಕೆ ಇಳಿಯಬೇಡಿ. ನಾಲ್ಕನೆಯವರನ್ನು ಕರೆದು ನಿಲ್ಲಿಸುವುದು ಕಷ್ಟವೇನಲ್ಲ, ಕೂಸಿನ ಕೆನ್ನೆಯ ದೃಷ್ಟಿಬೊಟ್ಟನ್ನು ಅಳಿಸಲು ಹೇಳುವುದಂತೂ ತಪ್ಪು.

ಈ ಎರಡು ದಾರಿಗಳನ್ನೂ ನಮ್ಮ ದೊಡ್ಡ ಛಾಯಾಗ್ರಾಹಕರಲ್ಲಿ ನೋಡಿ ಕಲಿಯಬಹುದು. ಮೈಸೂರಿನ ಟಿ.ಎಸ್. ಸತ್ಯನ್ (1923-2009) ಯುನಿಸೆಫ್‌ಗಾಗಿ ತೆಗೆದ ಮಕ್ಕಳ ಚಿತ್ರಗಳಲ್ಲಿ ಯಾರನ್ನೂ ಅಲ್ಲಾಡಿಸಿದಂತೆ ಕಾಣುವುದಿಲ್ಲ. ಅವರ ಚಿತ್ರಗಳಲ್ಲಿ ಸಾಮಾನ್ಯ ಜನ ತಮ್ಮ ಕೆಲಸದಲ್ಲೇ ಇರುತ್ತಾರೆ. ದಯಾನಿತಾ ಸಿಂಗ್ ತೊಂಬತ್ತರ ದಶಕದಲ್ಲಿ ನಗರಗಳ ಕುಟುಂಬಗಳನ್ನು ಅವರದೇ ಮನೆಗಳಲ್ಲಿ, ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾದ ಚೌಕದಲ್ಲಿ, ಕೂರಿಸಿ ನಿಲ್ಲಿಸಿ ತೆಗೆದರು. ಅಲ್ಲಿ ಜನರು ಕ್ಯಾಮೆರಾವನ್ನೇ ನೋಡುತ್ತಿದ್ದಾರೆ, ಆದರೂ ಆ ಕುರ್ಚಿ, ಕನ್ನಡಿ, ಗೋಡೆ ಅವರ ಬಗ್ಗೆ ಬಹಳ ಹೇಳುತ್ತವೆ. 2022ರಲ್ಲಿ ಅವರಿಗೆ ಹ್ಯಾಸೆಲ್‌ಬ್ಲಾಡ್ ಪ್ರಶಸ್ತಿಯೂ ಬಂತು. ಕೂರಿಸಿ ತೆಗೆದ ಫೋಟೊ ನಿರ್ಜೀವ ಎನ್ನುವವರು ಒಮ್ಮೆ ಆ ಚಿತ್ರಗಳನ್ನು ನೋಡಬೇಕು.

ಹಬ್ಬದ ದಿನ ಹೋಗುವುದೋ, ಬರೀ ದಿನವೋ ಎಂಬ ಆಯ್ಕೆಯಲ್ಲಿ ನಾನು ಬರೀ ದಿನದ ಪಕ್ಷ. ಹಬ್ಬದಂದು ಎಲ್ಲರೂ ಒಂದೆಡೆ ಸಿಗುತ್ತಾರೆ, ಬಟ್ಟೆ ಹೊಸದು, ಬಾಗಿಲಿಗೆ ತೋರಣ. ಆದರೆ ಹೆಂಗಸರಿಗೆ ಬಿಡುವಿಲ್ಲ. ಅಂದಿನ ಫೋಟೊಗಳಲ್ಲಿ ಮನೆಯ ಗೃಹಿಣಿ ಒಂದೋ ಬೆನ್ನು ಕಾಣಿಸುತ್ತಾರೆ, ಇಲ್ಲವೇ ಬೆವರೊರೆಸಿಕೊಂಡು ಕೊನೆಯ ಗಳಿಗೆಯಲ್ಲಿ ಬಂದು ನಿಲ್ಲುತ್ತಾರೆ. ಎಲ್ಲರೂ ಸೇರುವುದು ಹಬ್ಬಕ್ಕೆ ಮಾತ್ರ ಎಂದಾದರೆ ಹಬ್ಬದ ಮರುದಿನ ಬೆಳಿಗ್ಗೆ ಹೋಗಿ. ಊರಿಂದ ಬಂದವರು ಇನ್ನೂ ಹೊರಟಿರುವುದಿಲ್ಲ, ಕೆಲಸದ ಗಡಿಬಿಡಿ ಮುಗಿದಿರುತ್ತದೆ, ತೋರಣ ಸ್ವಲ್ಪ ಬಾಡಿದ್ದರೂ ಬಾಗಿಲಲ್ಲೇ ಇರುತ್ತದೆ.

ಅವಧಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ: ಒಂದು ಗಂಟೆ ಸಾಲದು, ಇಡೀ ದಿನ ಮನೆಯವರಿಗೆ ಭಾರ. ಎರಡೂವರೆ, ಮೂರು ಗಂಟೆ ಹಿತ. ಸಹಾಯಕರು ಬೇಡ, ಮನೆಯೊಳಗೆ ಅಪರಿಚಿತರು ಒಬ್ಬರಿದ್ದರೆ ಸಾಕು. ಕೂಸು ಅಥವಾ ಬಾಣಂತಿ ಇರುವ ಮನೆಗೆ ಮಾತ್ರ ಜೊತೆಗೊಬ್ಬ ಮಹಿಳೆ ಇದ್ದರೆ ಮನೆಯವರಿಗೆ ಸಮಾಧಾನ.

ಬಣ್ಣವೋ ಕಪ್ಪುಬಿಳುಪೋ ಎಂದರೆ, ಮನೆಯ ಫೋಟೊಗೆ ಬಣ್ಣ. ದೀಪಗಳ ಬಣ್ಣ ಕಲಸಿಹೋಗಿದೆ ಎಂದು ಕಪ್ಪುಬಿಳುಪಿಗೆ ತಿರುಗಿಸುವವರಿದ್ದಾರೆ. ಆ ಗೋಡೆಯ ತಿಳಿನೀಲಿ ಸುಣ್ಣ, ಅಮ್ಮನ ಇಳಕಲ್ ಸೀರೆಯ ಕೆಂಪು ಸೆರಗು, ಸ್ಟೀಲ್ ಡಬ್ಬಿಗಳ ಮೇಲಿನ ಹಳದಿ ಬೆಳಕು ಇವನ್ನು ಮಕ್ಕಳು ಮುಂದೆ ಹುಡುಕುತ್ತಾರೆ. ದೀಪ ಆರಿಸಿ ತೆಗೆದಿದ್ದರೆ ಬಣ್ಣ ತಾನಾಗಿಯೇ ಸರಿಯಿರುತ್ತದೆ.

ಕೊನೆಗೆ, ಕೊಡುವುದು ಏನನ್ನು? ಪೆನ್‌ಡ್ರೈವಿನಲ್ಲಿ ನಾನೂರು ಚಿತ್ರ ಕೊಟ್ಟರೆ ಯಾರೂ ಎರಡನೆಯ ಸಲ ತೆರೆಯುವುದಿಲ್ಲ. ನಲವತ್ತು ಆರಿಸಿ, ಅವುಗಳಲ್ಲಿ ಹತ್ತನ್ನು ಪ್ರಿಂಟ್ ಹಾಕಿಸಿ ಕೊಡಿ, ಕಡತಗಳನ್ನು ಎರಡು ಬೇರೆ ಬೇರೆ ಜಾಗದಲ್ಲಿ ಉಳಿಸಿಡಿ. ಮಕ್ಕಳಿರುವ ಚಿತ್ರಗಳನ್ನು ನಿಮ್ಮ ಪುಟದಲ್ಲಿ ಹಾಕಿಕೊಳ್ಳುವ ಮುಂಚೆ ತಂದೆತಾಯಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. 12 ಮೆಗಾಪಿಕ್ಸೆಲ್, ಅಂದರೆ 4000×3000 ಚುಕ್ಕೆಗಳ ಚಿತ್ರವನ್ನು ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೆ 13×10 ಇಂಚು ನಿರಾತಂಕವಾಗಿ ಬರುತ್ತದೆ. 12×18 ಇಂಚಿನ ಗೋಡೆಯ ಫೋಟೊಗೆ 24 ಮೆಗಾಪಿಕ್ಸೆಲ್ ಇದ್ದರೆ ಒಳ್ಳೆಯದು. ಕಾಗದದಲ್ಲಿ ಹೊಳಪಿನದನ್ನು ಬಿಟ್ಟು ಮ್ಯಾಟ್ ಆರಿಸಿ, ಏಕೆಂದರೆ ನಮ್ಮ ಹಜಾರಗಳಲ್ಲಿ ಫೋಟೊಗೆ ಮೊಳೆ ಹೊಡೆಯುವುದು ಹೆಚ್ಚಾಗಿ ಕಿಟಕಿಯ ಎದುರಿನ ಗೋಡೆಗೇ, ಹೊಳಪಿನ ಕಾಗದದ ಮೇಲೆ ಅಲ್ಲಿ ಕಾಣುವುದು ಕಿಟಕಿಯೊಂದೇ.